ಚಾರ್ಜಿಂಗ್ ಗನ್ ಯಾರ ಕೈಗೆ ಎಟುಕಬೇಕು?

ಪೆಟ್ರೋಲ್ ಬಂಕಿನಲ್ಲಿ ಪೈಪನ್ನು ಟ್ಯಾಂಕಿಗೆ ಸಿಕ್ಕಿಸಿಟ್ಟು ಯಾರೂ ಊಟಕ್ಕೆ ಹೋಗುವುದಿಲ್ಲ. ಎರಡು ಮೂರು ನಿಮಿಷದ ಕೆಲಸ ಅದು. ಹಿಂದಿನ ಗಾಡಿಯವರು ಹಾರ್ನ್ ಹೊಡೆಯಬೇಕು ಅನ್ನುವಷ್ಟರಲ್ಲಿ ಮುಂದಿನವರು ಹಣ ಕೊಟ್ಟು ಹೊರಟಿರುತ್ತಾರೆ. ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ವೇಗದ ಡಿಸಿ ಚಾರ್ಜರ್ ಇದ್ದರೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುತ್ತದೆ. ನಿಧಾನದ ಎಸಿ ಚಾರ್ಜರ್ ಆದರೆ ಆರೇಳು ಗಂಟೆ. ಅಷ್ಟು ಹೊತ್ತು ಕಾರಿನ ಪಕ್ಕದಲ್ಲೇ ಯಾರು ನಿಂತಿರುತ್ತಾರೆ? ಗನ್ ಸಿಕ್ಕಿಸಿ, ಬಾಗಿಲು ಹಾಕಿ, ತಿಂಡಿಗೋ ಕಚೇರಿಗೋ ಮಾಲಿನೊಳಗಿನ ಸಿನಿಮಾಕ್ಕೋ ಹೋಗಿಬಿಡುತ್ತಾರೆ. ಹೀಗಾಗಿ ಇಂಧನ ತುಂಬಿಸುವ ಜಾಗವೇ ಗಾಡಿ ನಿಲ್ಲಿಸುವ ಜಾಗವೂ ಆಗಿಬಿಟ್ಟಿದೆ. ಚಾರ್ಜಿಂಗ್ ಸ್ಟೇಷನ್ನುಗಳಲ್ಲಿ ನಡೆಯುವ ಜಗಳಗಳ ಬೇರು ಇಲ್ಲಿದೆ.

ಕರ್ನಾಟಕಕ್ಕೆ ಈ ಕಾರುಗಳು ನಿನ್ನೆ ಮೊನ್ನೆ ಬಂದವಲ್ಲ. ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು 2001ರಲ್ಲಿ ರಸ್ತೆಗಿಳಿದದ್ದು ಬೆಂಗಳೂರಿನಿಂದಲೇ. ಎಲೆಕ್ಟ್ರಿಕ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯವೂ ಇದೇ, 2017ರಲ್ಲಿ. ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಅಂಕಿಅಂಶಗಳನ್ನು ಆಧರಿಸಿ 2024–25ರಲ್ಲಿ ಹೊರಬಂದ ಲೆಕ್ಕದಂತೆ ರಾಜ್ಯದಲ್ಲಿ 5,765 ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದವು. ದೇಶಕ್ಕೇ ಮೊದಲ ಸ್ಥಾನ. ಅದರಲ್ಲಿ 4,462, ಅಂದರೆ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು, ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ಹೆಮ್ಮೆಪಡಬೇಕಾದ ಸಂಖ್ಯೆಯೇ. ಆದರೆ ಅದು ಯಂತ್ರಗಳ ಎಣಿಕೆ. ಆ ಯಂತ್ರದ ಮುಂದೆ ಪೆಟ್ರೋಲ್ ಕಾರು ಅಡ್ಡ ನಿಂತಿದೆಯೇ, ಚಾರ್ಜ್ ಮುಗಿದ ಕಾರು ಇನ್ನೂ ಅಲ್ಲೇ ಇದೆಯೇ, ಗಾಲಿಕುರ್ಚಿಯಲ್ಲಿ ಬಂದವರ ಕೈಗೆ ಗನ್ ಎಟುಕುತ್ತದೆಯೇ ಎನ್ನುವುದನ್ನು ಅದು ಹೇಳುವುದಿಲ್ಲ. ಒಂದು ಚಾರ್ಜರ್ ಇದೆ ಎಂದು ಹೇಳಬೇಕಾದರೆ ಅದು ತೀರಾ ಬೇಕಾದವರಿಗೆ, ಬೇಕಾದ ಹೊತ್ತಿನಲ್ಲಿ, ಯಾರನ್ನೂ ಅಂಗಲಾಚದೆ ಸಿಗಬೇಕು. ಈ ಅಳತೆಯಿಂದ ನೋಡಿದರೆ ಸರದಿಯ ಶಿಷ್ಟಾಚಾರ ಮತ್ತು ಅಂಗವಿಕಲರಿಗೆ ಅನುಕೂಲ ಎಂಬ ಎರಡು ಪ್ರಶ್ನೆಗಳು ಒಂದೇ ಪ್ರಶ್ನೆಯಾಗುತ್ತವೆ.

ನಗರದ ಹೊರಗೆ ಹೋದರೆ ಇದು ಇನ್ನೂ ಸ್ಪಷ್ಟ. ಬೆಂಗಳೂರು–ಮಂಗಳೂರು ದಾರಿ ಸುಮಾರು 350 ಕಿಲೋಮೀಟರ್. 30 ಯೂನಿಟ್ ಸಾಮರ್ಥ್ಯದ ಬ್ಯಾಟರಿಯ ಕಾರಿಗೆ ಹಾಸನದ ಆಸುಪಾಸಿನಲ್ಲಿ ಒಮ್ಮೆ ನಿಲ್ಲದೆ ಗತಿಯಿಲ್ಲ. ಮೂರು ದಿನ ರಜೆ ಒಟ್ಟಿಗೆ ಬಂದರೆ ಸಕಲೇಶಪುರ, ಚಿಕ್ಕಮಗಳೂರು ಕಡೆಗೆ ಹೊರಟವರೆಲ್ಲ ಅದೇ ಕೆಲವು ಹೋಟೆಲುಗಳ ಅಂಗಳದಲ್ಲಿ ಸೇರುತ್ತಾರೆ. ಮಂಗಳೂರಿನಿಂದ ಬರುವವರ ಕಷ್ಟ ಇನ್ನೊಂದು ಬಗೆಯದು. ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಮುಟ್ಟಬೇಕೆಂದರೆ ಒಂದೂವರೆ ಟನ್ ಭಾರವನ್ನು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಎತ್ತಬೇಕು. ಗಾಳಿ, ಎಸಿ, ಟೈರಿನ ಘರ್ಷಣೆ ಎಲ್ಲ ಬಿಟ್ಟು, ಬರೀ ಎತ್ತರಕ್ಕೆ ಖರ್ಚಾಗುವುದೇ ಮೂರೂವರೆ ಯೂನಿಟ್. ಅಂಥ ಬ್ಯಾಟರಿಯ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು. ಹೀಗೆ ಘಾಟಿ ಹತ್ತಿ ಎಂಟು ಪರ್ಸೆಂಟ್ ಉಳಿಸಿಕೊಂಡು ಬಂದ ಕಾರಿನವರು ಕಾಯುತ್ತಿರುವಾಗ, ಗನ್ ಹಿಡಿದಿರುವ ಕಾರು 93ರಿಂದ 94ಕ್ಕೆ ತೆವಳುತ್ತಿದ್ದರೆ?

ತೆವಳುವುದಕ್ಕೆ ಕಾರಣವಿದೆ. ಲೀಥಿಯಂ ಬ್ಯಾಟರಿ ಖಾಲಿ ಇರುವಾಗ ಕರೆಂಟನ್ನು ಬೇಗ ತೆಗೆದುಕೊಳ್ಳುತ್ತದೆ. ತುಂಬುತ್ತಾ ಹೋದಂತೆ ಒಳಗಿನ ಕೋಶಗಳು ಹಾಳಾಗದಿರಲೆಂದು ಕಾರೇ ಆ ವೇಗವನ್ನು ತಗ್ಗಿಸುತ್ತದೆ. ಹಾಗಾಗಿಯೇ ಕಾರಿನ ಕಂಪನಿಗಳು 10ರಿಂದ 80 ಪರ್ಸೆಂಟಿಗೆ ಎಷ್ಟು ನಿಮಿಷ ಎಂದು ಹೇಳುತ್ತವೆಯೇ ಹೊರತು ನೂರಕ್ಕೆ ಎಷ್ಟು ಎಂದು ಜಾಹೀರಾತು ಮಾಡುವುದಿಲ್ಲ. ಹಲವು ಕಾರುಗಳಲ್ಲಿ ಕೊನೆಯ 20 ಪರ್ಸೆಂಟಿಗೆ ಮೊದಲಿನ 70ಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯುತ್ತದೆ. ಇನ್ನೊಂದು ಸಂಗತಿ ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ. ಎರಡು ಗನ್ ಇರುವ 60 ಕಿಲೋವ್ಯಾಟ್ ಚಾರ್ಜರುಗಳಲ್ಲಿ ಸಾಮಾನ್ಯವಾಗಿ ಎರಡೂ ಕಾರು ನಿಂತಾಗ ತಲಾ 30 ಸಿಗುತ್ತದೆ. 40 ಯೂನಿಟ್ ಬ್ಯಾಟರಿಯನ್ನು 10ರಿಂದ 80ಕ್ಕೆ ಒಯ್ಯಲು 28 ಯೂನಿಟ್ ಬೇಕು. ಪೂರ್ತಿ 60 ಸಿಕ್ಕರೆ ಅರ್ಧ ಗಂಟೆಯ ಮಾತು, ಹಂಚಿಕೊಂಡರೆ ಸುಮಾರು ಒಂದು ಗಂಟೆ. ಪಕ್ಕದ ಕಾರು ಬೇಕಾದುದಕ್ಕಿಂತ ಹೆಚ್ಚು ಹೊತ್ತು ನಿಂತರೆ ತೊಂದರೆ ಸಾಲಿನಲ್ಲಿ ಕಾಯುವವರಿಗೆ ಮಾತ್ರ ಅಲ್ಲ, ಆಗಲೇ ಚಾರ್ಜ್ ಮಾಡುತ್ತಿರುವವರಿಗೂ ತಟ್ಟುತ್ತದೆ. ಜನ ಕಾಯುತ್ತಿದ್ದರೆ 80ಕ್ಕೆ ಬಿಟ್ಟುಕೊಡಿ ಎಂದು ಎಲೆಕ್ಟ್ರಿಕ್ ಕಾರಿನವರು ತಮ್ಮತಮ್ಮಲ್ಲೇ ಮಾಡಿಕೊಂಡ ಕಟ್ಟಳೆಗೆ ಹೀಗೆ ವಿಜ್ಞಾನದ ಆಧಾರವೂ ಇದೆ, ನ್ಯಾಯದ ಆಧಾರವೂ ಇದೆ.

ಹಾಗಾದರೆ ಜನ ಯಾಕೆ ಪಾಲಿಸುವುದಿಲ್ಲ? ನಮ್ಮವರಿಗೆ ಶಿಸ್ತಿಲ್ಲ ಎಂದು ತೀರ್ಪು ಕೊಟ್ಟು ಮುಗಿಸುವುದು ಸುಲಭ, ಆದರೆ ಅದು ಸುಳ್ಳು. ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು ನೋಡಿ ಬೆಳೆದ ನಾಡಿಗೆ ಸರದಿ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಕೊಡ ಸಾಲಿನಲ್ಲಿದ್ದರೆ ಅದರ ಒಡತಿ ಮನೆಯಲ್ಲಿದ್ದರೂ ಸರದಿ ಉಳಿಯುತ್ತಿತ್ತು. ಯಾರ ಹಿಂದೆ ಯಾರು ಎಂಬುದು ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ತುಂಬಿದ ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು ಹೋದರೆ ಮುಂದಿನವರು ಎತ್ತಿ ಪಕ್ಕಕ್ಕಿಡುತ್ತಿದ್ದರು. ಚಾರ್ಜಿಂಗ್ ಜಾಗದಲ್ಲಿ ಈ ಮೂರೂ ಇಲ್ಲ. ಸಾಲಿಗೆ ಜಾಗವೇ ಇರುವುದಿಲ್ಲ. ಮೊದಲು ಬಂದವರು ಹೋಟೆಲಿನ ಆ ತುದಿಯಲ್ಲಿ, ಆಮೇಲೆ ಬಂದವರು ಈ ತುದಿಯಲ್ಲಿ ನಿಲ್ಲಿಸಿಕೊಂಡು, ಗನ್ ಖಾಲಿಯಾದ ಕೂಡಲೇ ಇಬ್ಬರೂ ಧಾವಿಸುತ್ತಾರೆ. ತುಂಬಿದ ಕಾರನ್ನು ಎತ್ತಿ ಪಕ್ಕಕ್ಕಿಡಲು ಬರುವುದಿಲ್ಲ. ಎಷ್ಟೋ ಕಾರುಗಳಲ್ಲಿ ಒಡೆಯರೇ ಬಂದು ಲಾಕ್ ತೆಗೆಯದೆ ಗನ್ ಕೂಡ ಹೊರಬರುವುದಿಲ್ಲ. ನಿಯಮವನ್ನು ಕಣ್ಣಿಗೆ ಕಾಣುವಂತೆ ಮಾಡದೆ ನಡತೆಯನ್ನು ಮಾತ್ರ ನಿರೀಕ್ಷಿಸುವುದು ಅನ್ಯಾಯ. ನೆಲದ ಮೇಲೆ ಒಂದು, ಎರಡು, ಮೂರು ಎಂದು ಕಾಯುವ ಕಾರುಗಳಿಗೆ ಬಣ್ಣದಲ್ಲಿ ಗೆರೆ ಎಳೆದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಉಳಿದರ್ಧಕ್ಕೆ ಹಣ ಮತ್ತು ಕಾನೂನು ಬೇಕು. ಟೆಸ್ಲಾ ಕಂಪನಿ ತನ್ನ ಚಾರ್ಜರುಗಳಲ್ಲಿ 2016ರ ಡಿಸೆಂಬರಿನಿಂದಲೇ ಈ ದಾರಿ ಹಿಡಿಯಿತು: ಚಾರ್ಜ್ ಮುಗಿದು ಐದು ನಿಮಿಷದೊಳಗೆ ಕಾರು ತೆಗೆಯದಿದ್ದರೆ ನಿಮಿಷದ ಲೆಕ್ಕದಲ್ಲಿ ಶುಲ್ಕ. ಮುಂದೆ ಅದನ್ನು ಇನ್ನಷ್ಟು ಹದಗೊಳಿಸಿ, ಸ್ಟೇಷನ್ ಅರ್ಧಕ್ಕಿಂತ ಖಾಲಿ ಇದ್ದರೆ ಶುಲ್ಕವಿಲ್ಲ, ಪೂರ್ತಿ ತುಂಬಿದ್ದರೆ ಶುಲ್ಕ ದುಪ್ಪಟ್ಟು ಎಂದು ಮಾಡಿದರು. ಯಾರಿಗೂ ತೊಂದರೆ ಇಲ್ಲದಾಗ ದಂಡವಿಲ್ಲ ಎನ್ನುವ ಈ ವಿವೇಕ ಮೆಚ್ಚುವಂಥದ್ದು. ದಕ್ಷಿಣ ಕೊರಿಯಾ ಕಾನೂನನ್ನೇ ತಂದಿದೆ. ಅಲ್ಲಿ ವೇಗದ ಚಾರ್ಜರಿನಲ್ಲಿ ಒಂದು ಗಂಟೆ ಮೀರಿದರೆ, ನಿಧಾನದ ಚಾರ್ಜರಿನಲ್ಲಿ 14 ಗಂಟೆ ಮೀರಿದರೆ, ಪೆಟ್ರೋಲ್ ಕಾರನ್ನು ಆ ಜಾಗದಲ್ಲಿ ನಿಲ್ಲಿಸಿದರೆ ಒಂದು ಲಕ್ಷ ವಾನ್ ದಂಡ. ಕ್ಯಾಲಿಫೋರ್ನಿಯಾದಲ್ಲಿ ಎಲೆಕ್ಟ್ರಿಕ್ ಕಾರೇ ಆದರೂ, ಚಾರ್ಜಿಂಗಿಗೆ ಮೀಸಲಾದ ಜಾಗದಲ್ಲಿ ಗನ್ ಸಿಕ್ಕಿಸದೆ ಸುಮ್ಮನೆ ನಿಲ್ಲಿಸುವಂತಿಲ್ಲ.

ನಮ್ಮಲ್ಲಿ ಇಂಥ ನಿಯಮ ಜಾರಿ ಮಾಡಲು ಒಂದು ಸೌಕರ್ಯವೂ ಇದೆ. 2018ರಿಂದ ಎಲೆಕ್ಟ್ರಿಕ್ ವಾಹನಗಳಿಗೆ ಹಸಿರು ನಂಬರ್ ಪ್ಲೇಟ್. ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದಾದರೆ ಹಳದಿ ಅಕ್ಷರ. ಚಾರ್ಜರಿನ ಮುಂದೆ ಬಿಳಿ ಪ್ಲೇಟಿನ ಕಾರು ನಿಂತಿದ್ದರೆ ಮಾಲಿನ ಸೆಕ್ಯುರಿಟಿಯವರಿಗೂ ಸಂಚಾರ ಪೊಲೀಸರಿಗೂ ದೂರದಿಂದಲೇ ಗೊತ್ತಾಗುತ್ತದೆ, ಯಂತ್ರವೂ ಬೇಡ, ವಿಚಾರಣೆಯೂ ಬೇಡ. ಗೊತ್ತಾದ ಮೇಲೆ ಏನಾದರೂ ಮಾಡುವ ಅಧಿಕಾರ ಆ ಸೆಕ್ಯುರಿಟಿಯವರಿಗೆ ಸಿಗಬೇಕು, ಅಷ್ಟೇ. ಐಷಾರಾಮಿ ಎಸ್‌ಯುವಿಯಿಂದ ಇಳಿದು ಬರುವವರ ಮುಂದೆ, ತಿಂಗಳ ಸಂಬಳಕ್ಕೆ ಹನ್ನೆರಡು ಗಂಟೆ ನಿಂತು ದುಡಿಯುವ ಮನುಷ್ಯನನ್ನು ಬರೀ ಸೀಟಿ ಕೊಟ್ಟು ನಿಲ್ಲಿಸಿದರೆ ನಿಯಮ ಉಳಿಯುವುದಿಲ್ಲ.

ಹಳದಿ ಅಕ್ಷರದ ಕಾರುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಸ್ವಂತ ಕಾರಿನವರ ದೂರುಗಳಲ್ಲಿ ಟ್ಯಾಕ್ಸಿ ಚಾಲಕರ ಹೆಸರು ಮತ್ತೆ ಮತ್ತೆ ಬರುತ್ತದೆ: ಗುಂಪಾಗಿ ಬರುತ್ತಾರೆ, ಒಬ್ಬರಾದ ಮೇಲೆ ಒಬ್ಬರಿಗೆ ಜಾಗ ಹಿಡಿದಿಡುತ್ತಾರೆ, ಸೀಟಿನಲ್ಲೇ ಮಲಗಿಬಿಡುತ್ತಾರೆ. ಇವು ನಡೆಯುತ್ತವೆ, ನಿಜ. ಆದರೆ ಮನೆಯಲ್ಲಿ ಚಾರ್ಜರ್ ಇರುವವರಿಗೆ ಸಾರ್ವಜನಿಕ ಚಾರ್ಜರ್ ಒಂದು ಅನುಕೂಲ. ವಠಾರದ ಒಂಟಿಕೋಣೆಯಲ್ಲಿ ಬಾಡಿಗೆಗಿರುವ ಚಾಲಕರಿಗೆ ಅದೇ ದಿನದ ಕೂಲಿ. ವಿಮಾನ ನಿಲ್ದಾಣದ ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಚಾರ್ಜ್ ಆಗುವ ಆ ಹೊತ್ತೇ ನಿದ್ದೆಯ ಹೊತ್ತು. ಎಬ್ಬಿಸುವವರು ಗಾಜು ತಟ್ಟುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು. ಬಾಡಿಗೆ ಕಾರುಗಳು ಸೇರುವ ಕಡೆ ಅವಕ್ಕೆಂದೇ ಚಾರ್ಜರ್, ನೀರು, ಶೌಚಾಲಯ ಇರುವ ಅಂಗಳ ಬೇಕು. ಅದು ಇಲ್ಲದಿರುವವರೆಗೆ ಅವರನ್ನು ಶಿಷ್ಟಾಚಾರದ ಪಾಠಕ್ಕೆ ಕೂರಿಸುವ ಹಕ್ಕು ಉಳಿದವರಿಗಿಲ್ಲ.

ಇಷ್ಟು ಹೊತ್ತು ಹೇಳಿದ್ದು ಕಾಲಿನಲ್ಲಿ ನಡೆದು ಬಂದು, ಎರಡೂ ಕೈಯಲ್ಲಿ ಗನ್ ಎತ್ತಬಲ್ಲವರ ಕಷ್ಟ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಅದು ಜಗಳವಾಗಿ ಕೇಳಿಸುವುದಿಲ್ಲ, ಏಕೆಂದರೆ ಅದನ್ನು ಅನುಭವಿಸಬೇಕಾದವರು ಚಾರ್ಜರಿನ ತನಕ ಬರುವುದೇ ಇಲ್ಲ.

ಕಾಲಿನ ಶಕ್ತಿ ಇಲ್ಲದವರಿಗೆ ಎಲೆಕ್ಟ್ರಿಕ್ ಕಾರಿನಷ್ಟು ಒಗ್ಗುವ ಕಾರು ಇನ್ನೊಂದಿಲ್ಲ. ಕ್ಲಚ್ ಇಲ್ಲ, ಗೇರ್ ಬದಲಿಸುವ ಗೊಡವೆ ಇಲ್ಲ. ಬ್ರೇಕ್ ಮತ್ತು ಆಕ್ಸಿಲರೇಟರಿಗೆ ಕೈಯಿಂದ ನಡೆಸುವ ಸನ್ನೆಕೋಲು ಜೋಡಿಸಿದರೆ ಸಾಕು. ಪಾದ ತೆಗೆದರೆ ತಾನೇ ನಿಧಾನವಾಗುವ ಗುಣದಿಂದ ವಯಸ್ಸಾದವರ ಮೊಣಕಾಲಿಗೂ ಹಿತ. ಆದರೆ ಪೆಟ್ರೋಲ್ ಕಾರಿನ ಕಾಲದಲ್ಲಿ ಇದ್ದ ಒಂದು ಸವಲತ್ತು ಇಲ್ಲಿ ಕಳೆದುಹೋಗಿದೆ, ಅದನ್ನು ಯಾರೂ ಗಮನಿಸಿದಂತಿಲ್ಲ. ಭಾರತದ ಬಂಕುಗಳಲ್ಲಿ ಪೆಟ್ರೋಲ್ ಹಾಕುವುದು ಬಂಕಿನ ಸಿಬ್ಬಂದಿ. ಗಾಜು ಇಳಿಸಿ ‘ಐನೂರಕ್ಕೆ ಹಾಕಪ್ಪ’ ಎಂದರೆ ಸಾಕು, ಚಾಲಕರು ಸೀಟಿನಿಂದ ಕದಲಬೇಕಾಗಿಲ್ಲ. ಗಾಲಿಕುರ್ಚಿ ಬಳಸುವವರಿಗೆ ಇದು ಎಂಥ ಸ್ವಾತಂತ್ರ್ಯ ಎಂಬುದು, ಜನ ತಾವೇ ಇಳಿದು ಪೆಟ್ರೋಲ್ ಹಾಕಿಕೊಳ್ಳುವ ಅಮೆರಿಕ, ಇಂಗ್ಲೆಂಡುಗಳ ಅಂಗವಿಕಲರನ್ನು ಕೇಳಿದರೆ ಗೊತ್ತಾಗುತ್ತದೆ. ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಸಾಮಾನ್ಯವಾಗಿ ಆಳಿಲ್ಲ. ಹೊಸ ತಂತ್ರಜ್ಞಾನ ಬಂದ ಮೇಲೆ ಭಾರತದ ಅಂಗವಿಕಲ ಚಾಲಕರು ಮೊದಲ ಬಾರಿಗೆ ಇಂಧನಕ್ಕಾಗಿ ಕಾರಿನಿಂದ ಇಳಿಯಬೇಕಾಗಿ ಬಂದಿದೆ.

ಇಳಿದ ಮೇಲೆ ಏನಾಗುತ್ತದೆ, ಹೆಜ್ಜೆ ಹೆಜ್ಜೆಯಾಗಿ ನೋಡಬೇಕು. ಕಾರಿನ ಬಾಗಿಲು ಪೂರ್ತಿ ತೆರೆದು ಪಕ್ಕದಲ್ಲಿ ಗಾಲಿಕುರ್ಚಿ ಬಿಚ್ಚಿಡಲು ಜಾಗ ಬೇಕು. ಪಕ್ಕದ ಕಾರು ಒಂದಡಿ ಅಂತರದಲ್ಲಿ ನಿಂತಿರುತ್ತದೆ. ಹೇಗೋ ಕುರ್ಚಿಗೆ ಬಂದರೆ, ಚಾರ್ಜರ್ ನಿಂತಿರುವುದು ಸಿಮೆಂಟ್ ಕಟ್ಟೆಯ ಮೇಲೆ, ಅದರ ಮುಂದೆ ಕಾರು ತಾಗದಿರಲೆಂದು ಕಬ್ಬಿಣದ ಗೂಟಗಳು. ಯಂತ್ರಕ್ಕೆ ಸಿಕ್ಕ ಆ ರಕ್ಷಣೆಯೇ ಗಾಲಿಕುರ್ಚಿಗೆ ತಡೆ. ಸುತ್ತಲೂ ಜಲ್ಲಿಯೋ ಇಂಟರ್‌ಲಾಕ್ ಇಟ್ಟಿಗೆಯೋ. ಪರದೆ ನಿಂತವರ ಕಣ್ಣಿನ ಮಟ್ಟದಲ್ಲಿ, ಕೂತವರಿಗೆ ಬಿಸಿಲಿನ ಹೊಳಪು ಬಿಟ್ಟರೆ ಏನೂ ಕಾಣದು. ಡಿಸಿ ಗನ್ನಿನ ಕೇಬಲ್ ದಪ್ಪ, ಗಡುಸು, ಭಾರ. ನೆಲದಿಂದ ಎತ್ತಿ, ತಿರುಚಿ, ಒತ್ತಿ ಕೂರಿಸಬೇಕು. ಕಾರಿನ ಚಾರ್ಜಿಂಗ್ ಮುಚ್ಚಳ ಆಚೆ ಬದಿಯಲ್ಲಿದ್ದರೆ ಆ ಕೇಬಲನ್ನು ತೊಡೆಯ ಮೇಲೆ ಹೊತ್ತುಕೊಂಡು ಕಾರು ಸುತ್ತಬೇಕು. ಹಿಂದಿನವರು ಗನ್ನನ್ನು ಅದರ ಗೂಡಿಗೆ ಸಿಕ್ಕಿಸದೆ ನೆಲಕ್ಕೆ ಬಿಟ್ಟು ಹೋಗಿದ್ದರೆ ಕೇಬಲ್ ಹಾವಿನಂತೆ ದಾರಿಗೆ ಅಡ್ಡ. ಗನ್ ಎತ್ತಿಡುವುದು ಉಳಿದವರಿಗೆ ಸಣ್ಣ ಸೌಜನ್ಯ ಅನ್ನಿಸಬಹುದು, ಇವರ ಪಾಲಿಗೆ ಅದೇ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎನ್ನುವ ವಿಷಯ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಅವರಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳುವವರು ಎಷ್ಟು ಮಂದಿ ಎಂದು ಯಾರಾದರೂ ಕೇಳಬಹುದು. ರ್‍ಯಾಂಪ್ ಇಲ್ಲದ ಗ್ರಂಥಾಲಯದ ಮುಂದೆ ನಿಂತು, ಗಾಲಿಕುರ್ಚಿಯಲ್ಲಿ ಬರುವ ಓದುಗರು ಇಲ್ಲವಲ್ಲ ಎಂದು ಹೇಳುವ ವಾದವಿದು. ಬ್ರಿಟನ್ನಿನಲ್ಲಿ ಈ ಪ್ರಶ್ನೆಯನ್ನು ಮುಂಚಿತವಾಗಿಯೇ ಕೇಳಿಕೊಂಡರು. ಅಂಗವಿಕಲರಿಗೆ ವಾಹನ ಒದಗಿಸುವ ಮೋಟಬಿಲಿಟಿ ಸಂಸ್ಥೆ ಮಾಡಿಸಿದ ಅಧ್ಯಯನದ ಅಂದಾಜಿನಂತೆ 2035ರ ಹೊತ್ತಿಗೆ ಅಲ್ಲಿ ಹದಿಮೂರೂವರೆ ಲಕ್ಷ ಅಂಗವಿಕಲ ಚಾಲಕರು ಪೂರ್ತಿಯಾಗಿ ಅಥವಾ ಭಾಗಶಃ ಸಾರ್ವಜನಿಕ ಚಾರ್ಜಿಂಗನ್ನೇ ನೆಚ್ಚಬೇಕಾಗುತ್ತದೆ. ಅದರ ಬೆನ್ನಿಗೇ 2022ರಲ್ಲಿ ಪಿಎಎಸ್ 1899 ಎಂಬ ಮಾನದಂಡ ಬಂತು: ಜಾಗದ ಅಗಲ, ನೆಲ, ಬೆಳಕು, ಪರದೆಯ ಎತ್ತರ, ಕೇಬಲಿನ ಭಾರ ಎಲ್ಲವನ್ನೂ ಅದು ಹೇಳುತ್ತದೆ. ಕಡ್ಡಾಯವಲ್ಲ ಎನ್ನುವುದೇ ಅದರ ದೌರ್ಬಲ್ಯ. ಅಮೆರಿಕದ ಆಕ್ಸೆಸ್ ಬೋರ್ಡ್ ಅದೇ ವರ್ಷ ಕೊಟ್ಟ ಶಿಫಾರಸಿನಲ್ಲಿ ಕಾರಿಗೆ 11 ಅಡಿ, ಪಕ್ಕದಲ್ಲಿ ಓಡಾಡಲು 5 ಅಡಿ. ಕೈ ತಾಗಿಸಬೇಕಾದ ಯಾವ ಭಾಗವೂ 48 ಇಂಚಿಗಿಂತ, ಅಂದರೆ ಸುಮಾರು 1.2 ಮೀಟರಿಗಿಂತ ಎತ್ತರದಲ್ಲಿ ಇರಬಾರದು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸೇವೆ ಒದಗಿಸುವ ಖಾಸಗಿಯವರನ್ನೂ ಸೌಲಭ್ಯದ ನಿಯಮಗಳಿಗೆ ಕಟ್ಟಿಹಾಕುತ್ತದೆ. ಕೇಂದ್ರದ 2021ರ ಸಮನ್ವಿತ ಮಾರ್ಗಸೂಚಿ ಅಂಗವಿಕಲರ ಪಾರ್ಕಿಂಗಿಗೆ 3.6 ಮೀಟರ್ ಅಗಲ ಹೇಳುತ್ತದೆ. ದೃಷ್ಟಿದೋಷವುಳ್ಳ ರಾಜೀವ್ ರತೂರಿ 2005ರಲ್ಲಿ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಕೊಟ್ಟ ತೀರ್ಪು ಇನ್ನೂ ಮುಂದೆ ಹೋಯಿತು. ಇಂಥ ಮಾನದಂಡಗಳನ್ನು ಬರೀ ಸಲಹೆಯಾಗಿ ಇಟ್ಟಿದ್ದ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದು ಹೇಳಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದಿತು. ಚಾರ್ಜಿಂಗ್ ಸ್ಟೇಷನ್ನುಗಳು ಈಗಷ್ಟೇ ಎದ್ದು ನಿಲ್ಲುತ್ತಿರುವ ಕಟ್ಟಡಗಳು. ಹಳೆಯ ಕಚೇರಿಗೆ ಲಿಫ್ಟ್ ಕೂರಿಸುವ ತಾಪತ್ರಯ ಇಲ್ಲಿಲ್ಲ. ನೆಲ ಹಾಕುವಾಗಲೇ ಕಟ್ಟೆ ಬಿಟ್ಟು ಸಮತಟ್ಟು ಮಾಡಿದರೆ ಮುಗಿಯಿತು.

ಇಲ್ಲಿ ಒಂದು ನಿಜವಾದ ಇಕ್ಕಟ್ಟು ಇದೆ. ಎರಡೇ ಗನ್ ಇರುವ ಕಡೆ ಒಂದನ್ನು ಅಂಗವಿಕಲರಿಗೆ ಮೀಸಲಿಟ್ಟರೆ, ದಿನವಿಡೀ ಅದು ಖಾಲಿ ನಿಂತು, ಐದು ಕಾರು ಕಾಯುತ್ತಿದ್ದರೆ ಜನರಿಗೆ ಆ ಫಲಕದ ಮೇಲೆಯೇ ಸಿಟ್ಟು ಬರುತ್ತದೆ. ಆ ಸಿಟ್ಟು ಕೊನೆಗೆ ತಿರುಗುವುದು ಅಂಗವಿಕಲರ ಮೇಲೆ. ಅಮೆರಿಕದ ಅದೇ ಶಿಫಾರಸು ಇದಕ್ಕೊಂದು ಜಾಣ ದಾರಿ ತೋರಿಸಿದೆ: ಅಗಲವಾದ ಜಾಗವನ್ನು ಯಾರು ಬೇಕಾದರೂ ಬಳಸಲಿ, ಆದರೆ ಕೊನೆಗೆ ಬಳಸಲಿ. ಬೇರೆ ಗನ್ ಖಾಲಿ ಇದ್ದರೆ ಅದನ್ನೇ ಹಿಡಿಯಬೇಕು; ಅಗಲದ ಜಾಗದಲ್ಲಿರುವಾಗ ಅದು ಬೇಕಾದವರು ಬಂದರೆ ಮುಂದಿನ ಸರದಿ ಅವರದೇ. ದೊಡ್ಡ ಸ್ಟೇಷನ್ನುಗಳಲ್ಲಿ ಮೀಸಲು, ಸಣ್ಣವುಗಳಲ್ಲಿ ಈ ಕಟ್ಟಳೆ ಎಂದಿಟ್ಟುಕೊಳ್ಳುವುದು ನ್ಯಾಯ. ಹೆಚ್ಚು ಹೊತ್ತು ನಿಂತರೆ ಶುಲ್ಕ ಎನ್ನುವ ನಿಯಮಕ್ಕೂ ಇಲ್ಲೊಂದು ತಿದ್ದುಪಡಿ ಬೇಕು. ಹೋಟೆಲಿನ ಮೆಟ್ಟಿಲು ಇಳಿದು, ಕುರ್ಚಿ ಮಡಚಿ, ಕಾರಿನೊಳಕ್ಕೆ ಎತ್ತಿಕೊಳ್ಳುವವರಿಗೆ ಐದು ನಿಮಿಷ ಸಾಲದು. ಗುರುತಿನ ಚೀಟಿಯನ್ನು ಒಮ್ಮೆ ನೋಂದಾಯಿಸಿದವರಿಗೆ ಹದಿನೈದು ನಿಮಿಷ ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಹಣ ಕಟ್ಟುವ ಕ್ರಮವೂ ಒಂದು ತಡೆಯೇ. ಎಳನೀರಿನ ಗಾಡಿಯಲ್ಲೂ ಫೋನ್ ತೋರಿಸಿ ಹಣ ಕೊಡುವ ಊರಿನಲ್ಲಿ, ಚಾರ್ಜಿಂಗಿಗೆ ಮಾತ್ರ ಕಂಪನಿಗೊಂದು ಆ್ಯಪ್, ಆ್ಯಪಿಗೊಂದು ವ್ಯಾಲೆಟ್, ಅದರಲ್ಲಿ ಮುಂಗಡ ಹಣ. ನೆಟ್‌ವರ್ಕ್ ಸಿಗದ ಘಾಟಿಯ ತಪ್ಪಲಿನಲ್ಲಿ ಒಟಿಪಿಗೆ ಕಾಯುವ ಎಪ್ಪತ್ತರ ಹಿರಿಯರ ಸ್ಥಿತಿ ಏನು? ಬ್ರಿಟನ್ 2023ರ ನಿಯಮಗಳಲ್ಲಿ ಇದನ್ನು ನೇರವಾಗಿ ಬಗೆಹರಿಸಿತು: 2024ರ ನವೆಂಬರಿನಿಂದ 8 ಕಿಲೋವ್ಯಾಟಿನ ಮತ್ತು ಅದಕ್ಕೂ ಮೇಲಿನ ಹೊಸ ಚಾರ್ಜರುಗಳಲ್ಲಿ, 50 ಮತ್ತು ಅದಕ್ಕೂ ಮೇಲಿನ ಹಳೆಯವುಗಳಲ್ಲಿಯೂ, ಕಾರ್ಡ್ ತಾಗಿಸಿದರೆ ಹಣ ಸಂದಾಯವಾಗಬೇಕು, ದಿನವಿಡೀ ಉತ್ತರಿಸುವ ಉಚಿತ ಸಹಾಯವಾಣಿ ಇರಬೇಕು. ನಮ್ಮಲ್ಲಿ ಕಾರ್ಡಿನ ಬದಲು ಯಂತ್ರದ ಮೇಲೊಂದು ಯುಪಿಐ ಕೋಡ್, ಕನ್ನಡದಲ್ಲಿ ಮಾತಾಡುವ ಸಹಾಯವಾಣಿ ಎರಡೂ ಕಷ್ಟದ ಕೆಲಸಗಳಲ್ಲ. ಬೆಳಕಿನ ವಿಷಯವೂ ಇದರೊಂದಿಗೇ ಬರುತ್ತದೆ. ಹೋಟೆಲಿನ ಹಿಂಬದಿಯ ಕತ್ತಲಲ್ಲಿ ಅರ್ಧ ಗಂಟೆ ಒಂಟಿಯಾಗಿ ಕೂರಲು ಮಹಿಳೆಯರು ಹಿಂಜರಿದರೆ ಆ ಚಾರ್ಜರ್ ಅವರ ಪಾಲಿಗೆ ರಾತ್ರಿ ಇಲ್ಲ. ಡ್ಯಾಷ್‌ಬೋರ್ಡಿನ ಮೇಲೆ ಫೋನ್ ನಂಬರ್ ಬರೆದಿಡಿ ಎಂಬ ಜನಪ್ರಿಯ ಸಲಹೆ ಕೂಡ ಎಲ್ಲರಿಗೂ ಒಂದೇ ಅಲ್ಲ. ಗಂಡಸರಿಗೆ ಅದು ಸೌಜನ್ಯ, ಒಂಟಿಯಾಗಿ ಪ್ರಯಾಣ ಮಾಡುವ ಹೆಂಗಸರಿಗೆ ಅಪಾಯ. ನಂಬರ್ ತೋರಿಸದೆ ‘ನಿಮ್ಮ ಕಾರು ತೆಗೆಯಿರಿ’ ಎಂಬ ಸಂದೇಶವನ್ನು ಆ್ಯಪಿನ ಮೂಲಕವೇ ಕಳಿಸಬಹುದು.

ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದೇ 2,000 ಕೋಟಿ ರೂಪಾಯಿ ಇಡಲಾಗಿದೆ. ಇಂಧನ ಸಚಿವಾಲಯದ 2024ರ ಮಾರ್ಗಸೂಚಿಯ ಗುರಿ 2030ರ ಹೊತ್ತಿಗೆ ನಗರಗಳಲ್ಲಿ ಪ್ರತಿ ಚದರ ಕಿಲೋಮೀಟರಿಗೆ ಒಂದು, ಹೆದ್ದಾರಿಗಳಲ್ಲಿ 20 ಕಿಲೋಮೀಟರಿಗೆ ಒಂದು ಕೇಂದ್ರ. ರಾಜ್ಯದಲ್ಲಿ ಇದರ ಹೊಣೆ ಬೆಸ್ಕಾಂ ಮೇಲಿದೆ. ಸಹಾಯಧನಕ್ಕೆ ಕೈಚಾಚುವವರಿಗೆ ಅಗಲ, ನೆಲ, ಎತ್ತರ, ಬೆಳಕು, ಯುಪಿಐ ಈ ಐದನ್ನೂ ಟೆಂಡರಿನ ಷರತ್ತಾಗಿ ಬರೆಯಲು ಹೊಸ ಕಾನೂನು ಬೇಕಾಗಿಲ್ಲ. ಇನ್ನೊಂದು ಷರತ್ತನ್ನೂ ಸೇರಿಸಬಹುದು. ಎಷ್ಟೋ ಚಾರ್ಜರುಗಳು ನಿಂತಿರುವುದು ತೈಲ ಕಂಪನಿಗಳ ಬಂಕುಗಳಲ್ಲೇ. ಹತ್ತು ಹೆಜ್ಜೆ ದೂರದಲ್ಲಿ ಪೆಟ್ರೋಲ್ ಹಾಕುವ ಸಿಬ್ಬಂದಿ ಇರುತ್ತಾರೆ, ಆದರೆ ಚಾರ್ಜರ್ ಅವರ ಕೆಲಸವಲ್ಲ. ಅರ್ಧ ದಿನದ ತರಬೇತಿ, ಸಂಬಳದಲ್ಲಿ ಸ್ವಲ್ಪ ಹೆಚ್ಚಳ, ಚಾರ್ಜರಿನ ಬಳಿ ಒಂದು ಕರೆಗಂಟೆ ಇಷ್ಟಿದ್ದರೆ ಅವರೇ ಬಂದು ಗನ್ ಸಿಕ್ಕಿಸುತ್ತಾರೆ, ಮುಗಿದ ಮೇಲೆ ಅವರೇ ತೆಗೆದು ಗೂಡಿಗಿಡುತ್ತಾರೆ, ಸಾಲಿನಲ್ಲಿ ಮುಂದೆ ಯಾರು ಎಂಬುದೂ ಅವರಿಗೆ ಗೊತ್ತಿರುತ್ತದೆ. ಹೋಟೆಲುಗಳ ಅಂಗಳದಲ್ಲಿ ಈ ಕೆಲಸವನ್ನು ಪಾರ್ಕಿಂಗ್ ನೋಡಿಕೊಳ್ಳುವವರಿಗೆ ವಹಿಸಬಹುದು. ಮೊದಲ ಪ್ರಯೋಗಕ್ಕೆ ಬೆಂಗಳೂರು–ಮೈಸೂರು ದಾರಿ ಸಾಕು. 145 ಕಿಲೋಮೀಟರಿನ ಆ ದಾರಿಯಲ್ಲಿ ಬಂಕುಗಳಿಗೂ ಕೊರತೆಯಿಲ್ಲ, ಹೋಟೆಲುಗಳಿಗೂ ಇಲ್ಲ.